ಟೇಪಿದ್ದರೆ ಡ್ರೈವಿಲ್ಲ, ಡ್ರೈವಿದ್ದರೆ ಪಟ್ಟಿಯಿಲ್ಲ

ಗಣಕದ ಕಡತಗಳ ಪ್ರತಿಯನ್ನು ಕಾಯ್ದಿಡುವ ಬ್ಯಾಕಪ್ ಟೇಪುಗಳನ್ನು ಕಚೇರಿಯಲ್ಲೇ ಇಟ್ಟುಕೊಳ್ಳದೆ ಬೇರೊಂದು ಕಟ್ಟಡದಲ್ಲಿ ಇರಿಸಬೇಕೆಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಇಡುವ ಬಗೆಗಿನವಲ್ಲ, ಇಟ್ಟದ್ದನ್ನು ತೆಗೆಯುವ ಬಗೆಗಿನವು. ಏಳು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದವರ ಅನುಮಾನಗಳಲ್ಲಿ ಅರ್ಧದಷ್ಟು ಅದರಲ್ಲೇ ತೀರಬಹುದೆಂದು ಹಾಗೆ ಮಾಡಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಗಣಕಗಳನ್ನು ನೋಡಿಕೊಳ್ಳುವವನು ನಾನು. ಕಳೆದ ತಿಂಗಳು ನಮ್ಮ ಸರ್ವರ್‌ನ ರೇಯ್ಡ್ ಕಂಟ್ರೋಲರ್ (ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಸಾಧನ) ಕೆಟ್ಟು ಡಿಸ್ಕುಗಳು ಓದಲು ಬಾರದಂತಾಗಿವೆ. ಹೊರಗಿನ ಸಂಗ್ರಹಾಗಾರದಲ್ಲಿ 43 ಎಲ್‌ಟಿಒ-4 (ಎಲ್‌ಟಿಒ ಎಂಬ ಮಾದರಿಯ ನಾಲ್ಕನೆಯ ಪೀಳಿಗೆಯ) ಟೇಪುಗಳಿವೆ. ನಮ್ಮ ಟೇಪ್ ಡ್ರೈವ್ ಸರ್ವರ್ ಕೆಡುವುದಕ್ಕೆ ಮೂರು ತಿಂಗಳ ಹಿಂದೆಯೇ ಕೆಟ್ಟಿತ್ತು. ಹೊಸದಾಗಿ ತರಿಸಿದ ಎಲ್‌ಟಿಒ-7 ಡ್ರೈವಿಗೆ ಟೇಪು ಹಾಕಿದರೆ ಅದು ಹೊರಗೆ ತಳ್ಳುತ್ತದೆ. ಬ್ಯಾಕಪ್ ತಂತ್ರಾಂಶದ ಕ್ಯಾಟಲಾಗ್ ಕೂಡ ಕೆಟ್ಟ ಸರ್ವರ್‌ನಲ್ಲೇ ಇತ್ತು. ಟೇಪುಗಳು ಹಾಳಾಗಿವೆಯೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಟೇಪುಗಳು ಹಾಳಾಗಿವೆ ಎನ್ನಲು ನಿಮ್ಮ ಪತ್ರದಲ್ಲಿ ಯಾವ ಕಾರಣವೂ ಇಲ್ಲ. ಡ್ರೈವ್ ಟೇಪನ್ನು ಹೊರಗೆ ತಳ್ಳುತ್ತಿರುವುದು ಅದರ ಪೀಳಿಗೆ ತನಗೆ ತೀರ ಹಳೆಯದೆಂಬ ಕಾರಣಕ್ಕೆ. ಎಲ್‌ಟಿಒ ಡ್ರೈವುಗಳು ಏಳನೆಯ ಪೀಳಿಗೆಯವರೆಗೆ ತಮಗಿಂತ ಎರಡು ಪೀಳಿಗೆ ಹಿಂದಿನ ಟೇಪನ್ನು ಓದುತ್ತಿದ್ದವು, ಒಂದು ಪೀಳಿಗೆ ಹಿಂದಿನದರ ಮೇಲೆ ಬರೆಯುತ್ತಿದ್ದವು. ಹಾಗಾಗಿ ನೀವು ತಂದ ಡ್ರೈವ್ 7, 6 ಮತ್ತು 5ನೆಯ ಪೀಳಿಗೆಯ ಟೇಪುಗಳನ್ನು ಮಾತ್ರ ಓದಬಲ್ಲದು. ಇನ್ನೂ ಹೊಸದನ್ನು ತಂದರೆ ಸರಿಹೋದೀತೆಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ; ಎಂಟನೆಯ ಪೀಳಿಗೆಯ ಡ್ರೈವ್ ತನ್ನದರ ಜೊತೆಗೆ ಏಳನೆಯದನ್ನಷ್ಟೇ ಓದುತ್ತದೆ, ಹತ್ತನೆಯದು ಹಿಂದಿನ ಯಾವುದನ್ನೂ ಓದುವುದಿಲ್ಲ. ನಿಮಗೆ ಬೇಕಿರುವುದು 4, 5 ಅಥವಾ 6ನೆಯ ಪೀಳಿಗೆಯ ಡ್ರೈವ್. ಅದರಲ್ಲಿ 2012ರಲ್ಲಿ ಬಂದ ಎಲ್‌ಟಿಒ-6 ಮೇಲು, ಏಕೆಂದರೆ ಅದು ಮೂರರಲ್ಲಿ ಕಡಿಮೆ ಹಳೆಯದು.

ಹಳೆಯ ಡ್ರೈವ್ ಹುಡುಕಿಕೊಂಡು ಅಲೆಯುವ ಪಾಡು ನಿಮ್ಮೊಬ್ಬರದೇ ಅಲ್ಲ. 1966 ಮತ್ತು 1967ರಲ್ಲಿ ಲೂನಾರ್ ಆರ್ಬಿಟರ್ ನೌಕೆಗಳು ಕಳಿಸಿದ ಚಂದ್ರನ ಚಿತ್ರಗಳ ಮೂಲ ಟೇಪುಗಳು ದಶಕಗಳ ಕಾಲ ಉಳಿದುಬಂದಿದ್ದವು. 2008ರ ಹೊತ್ತಿಗೆ ಅವನ್ನು ಓದಲು ಹೊರಟವರು ಹೆಚ್ಚು ಬೆವರು ಸುರಿಸಿದ್ದು ಟೇಪಿನ ಮೇಲಲ್ಲ, ಅದನ್ನು ಓಡಿಸುವ ಆಂಪೆಕ್ಸ್ ಯಂತ್ರಗಳನ್ನು ರಿಪೇರಿ ಮಾಡುವುದರಲ್ಲಿ. ನಿಮಗೆ ಅಷ್ಟು ಕಷ್ಟವಿಲ್ಲ. ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ, ಹಳೆಯ ಸರ್ವರ್ ಬಿಚ್ಚಿ ಮಾರುವವರ ಬಳಿ ಸಿಕ್ಕರೂ ಸಿಗಬಹುದು. ಡ್ರೈವನ್ನು ಜೋಡಿಸಲು ಸ್ಯಾಸ್ ಕಾರ್ಡ್ ಮತ್ತು ಅದಕ್ಕೆ ಹೊಂದುವ ಕೇಬಲ್ ಬೇಕೆಂಬುದನ್ನು ಮರೆತು ಎರಡನೆಯ ಸಲ ಹೋಗುವಂತಾಗಬಾರದು. ತಂದ ಡ್ರೈವಿನಲ್ಲಿ ಮೊದಲ ದಿನವೇ ನಿಮ್ಮ ಮುಖ್ಯ ಟೇಪನ್ನು ಹಾಕಬೇಡಿ. ಕ್ಲೀನಿಂಗ್ ಕಾರ್ಟ್ರಿಜ್ ಅನ್ನು ಒಮ್ಮೆ ಓಡಿಸಿ, ಆ ಡ್ರೈವ್ ಬರೆಯಬಲ್ಲ ಪೀಳಿಗೆಯ, ಕಳೆದುಹೋದರೂ ಚಿಂತೆಯಿಲ್ಲದ ಒಂದು ಟೇಪನ್ನು ತುದಿಯಿಂದ ತುದಿಯವರೆಗೆ ಬರೆದು ಓದಿಸಿ ನೋಡಿ. ಗೊತ್ತಿಲ್ಲದವರ ಮನೆಯಿಂದ ಬಂದ ಡ್ರೈವ್ ಟೇಪನ್ನು ನುಂಗಿಕೊಂಡರೆ ಅದು ಯಾವ ಟೇಪು ಎಂಬುದು ನಿಮ್ಮ ಕೈಯಲ್ಲಿರಬೇಕು.

ಡ್ರೈವ್ ಬರುವುದರೊಳಗೆ ಮಾಡಬೇಕಾದ ಎರಡು ಕೆಲಸಗಳಿವೆ. ಒಂದು, ಕೆಟ್ಟ ಸರ್ವರ್‌ನ ಡಿಸ್ಕುಗಳನ್ನು ಯಾವ ಸ್ಲಾಟಿನಲ್ಲಿ ಯಾವುದಿತ್ತು ಎಂದು ಗುರುತು ಹಾಕಿ ತೆಗೆದಿಡಿ; ಅವನ್ನು ಫಾರ್ಮ್ಯಾಟ್ ಮಾಡಿ ಅವುಗಳ ಮೇಲೇ ಹಳೆಯ ದತ್ತಾಂಶವನ್ನು ಸುರಿಯುವ ಯೋಚನೆ ಯಾರಿಗಾದರೂ ಬಂದಿದ್ದರೆ ತಡೆಯಿರಿ. ನಿಮ್ಮ ಟೇಪ್ ಡ್ರೈವ್ ಮೂರು ತಿಂಗಳ ಹಿಂದೆ ಕೆಟ್ಟಿತ್ತು ಎಂದ ಮೇಲೆ ಆ ಮೂರು ತಿಂಗಳ ಲೆಕ್ಕ, ನಕ್ಷೆ, ಆರ್ಡರುಗಳು ಯಾವ ಟೇಪಿನಲ್ಲೂ ಇಲ್ಲ. ಇದ್ದರೆ ಆ ಡಿಸ್ಕುಗಳಲ್ಲಿ ಮಾತ್ರ ಇವೆ. ಕೆಟ್ಟಿರುವುದು ಕಂಟ್ರೋಲರ್ ಆಗಿದ್ದರೆ ಡಿಸ್ಕುಗಳು ಆರೋಗ್ಯವಾಗಿರುವ ಸಾಧ್ಯತೆ ಸಾಕಷ್ಟಿದೆ, ಅದೇ ಮಾದರಿಯ ಕಂಟ್ರೋಲರ್ ಸಿಕ್ಕರೆ ಅಥವಾ ದತ್ತಾಂಶ ಹೊರತೆಗೆಯುವ ಅನುಭವಿಗಳಿಗೆ ಕೊಟ್ಟರೆ ಫಲ ಸಿಗಬಹುದು. ಎರಡು, ಸಂಗ್ರಹಾಗಾರಕ್ಕೆ ಫೋನ್ ಮಾಡಿ, ನಿಮ್ಮ ಕಂಪನಿಯ ಪರವಾಗಿ ಪೆಟ್ಟಿಗೆ ಕೇಳುವ ಅಧಿಕಾರ ಯಾರ ಹೆಸರಿನಲ್ಲಿದೆ ಎಂದು ವಿಚಾರಿಸಿ. ಹತ್ತರಲ್ಲಿ ಆರು ಕಡೆ ಆ ಹೆಸರಿನವರು ಕೆಲಸ ಬಿಟ್ಟು ಹೋಗಿರುತ್ತಾರೆ ಎಂದು ನಾನು ತಮಾಷೆಗೆ ಹೇಳುವುದುಂಟು. ಲೆಟರ್‌ಹೆಡ್ಡಿನಲ್ಲಿ ಬರೆದು, ಸಹಿ ಮುದ್ರೆ ಹಾಕಿ, ಹೊಸಬರ ಹೆಸರು ಸೇರಿಸುವಷ್ಟರಲ್ಲಿ ಎರಡು ದಿನ ಕಳೆಯುತ್ತದೆ. ಆ ಎರಡು ದಿನ ಈಗಲೇ ಕಳೆದುಹೋಗಲಿ.

ಪೆಟ್ಟಿಗೆ ಬಂದಾಗ ಸೀಲಿನ ಸಂಖ್ಯೆಯನ್ನು ಚೀಟಿಯ ಸಂಖ್ಯೆಯೊಂದಿಗೆ ಹೋಲಿಸಿ ಸಹಿ ಮಾಡಿ. ಹವಾನಿಯಂತ್ರಿತ ಕೋಣೆಯಿಂದ ಬಂದ ಟೇಪನ್ನು ಒಡನೆಯೇ ಓಡಿಸಬಾರದು, ನಿಮ್ಮ ಕೋಣೆಯ ಹವೆಗೆ ಹೊಂದಿಕೊಳ್ಳಲು ಒಂದು ದಿನ ಬಿಡಿ. ಆಮೇಲೆ ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿ. ಕಾರ್ಟ್ರಿಜ್‌ನ ಬಾಗಿಲನ್ನು ಬೆರಳಿನಿಂದ ಸರಿಸಿದರೆ ಒಳಗೆ ಸಣ್ಣ ಲೋಹದ ಸರಳೊಂದು ಟೇಪಿನ ತುದಿಯನ್ನು ಹಿಡಿದುಕೊಂಡು ನೆಟ್ಟಗೆ ಕೂತಿರುತ್ತದೆ. ಡ್ರೈವ್ ಟೇಪನ್ನು ಎಳೆದುಕೊಳ್ಳುವುದು ಇದನ್ನು ಹಿಡಿದೇ. ಎಂದೋ ಕೈಜಾರಿ ಬಿದ್ದ ಕಾರ್ಟ್ರಿಜ್‌ನಲ್ಲಿ ಈ ಸರಳು ಓರೆಯಾಗಿರುತ್ತದೆ, ಅಂಥದ್ದನ್ನು ಪಕ್ಕಕ್ಕಿಡಿ. ಸರಿಯಿರುವ ಪ್ರತಿಯೊಂದರಲ್ಲೂ ಮೂಲೆಯ ಸಣ್ಣ ಗುಬಟನ್ನು ಸರಿಸಿ ಬೀಗದ ಗುರುತು ಕಾಣುವಂತೆ ಮಾಡಿ, ಅಂದರೆ ಬರೆಯುವುದನ್ನು ತಡೆಯಿರಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹೊಸದಾಗಿ ಸ್ಥಾಪಿಸಿದ ಬ್ಯಾಕಪ್ ತಂತ್ರಾಂಶಕ್ಕೆ ನಿಮ್ಮ ಟೇಪುಗಳ ಗುರುತಿಲ್ಲ. ಅದರ ಕಣ್ಣಿಗೆ ಅವೆಲ್ಲ ಖಾಲಿ ಟೇಪುಗಳಂತೆ ಕಂಡು, ರಾತ್ರಿಯ ಕೆಲಸ ತಾನಾಗಿ ಶುರುವಾದರೆ ಟೇಪಿನ ಆರಂಭದಲ್ಲಿ ಹೊಸದಾಗಿ ಬರೆದು ಅಲ್ಲೇ ದತ್ತಾಂಶ ಮುಗಿಯಿತೆಂಬ ಗುರುತು ಹಾಕಿಬಿಡುತ್ತದೆ. ಆ ಗುರುತಿನಾಚೆ ನೂರಾರು ಗಿಗಾಬೈಟ್ ಹಾಗೇ ಉಳಿದಿದ್ದರೂ ಸಾಮಾನ್ಯ ಡ್ರೈವ್ ಅದನ್ನು ದಾಟಿ ಹೋಗಲು ಒಪ್ಪುವುದಿಲ್ಲ.

ಈಗ ಕ್ಯಾಟಲಾಗಿನ ಮಾತು. ಯಾವ ಕಡತ ಯಾವ ಟೇಪಿನ ಎಷ್ಟನೆಯ ಭಾಗದಲ್ಲಿದೆ ಎಂಬ ಪಟ್ಟಿಯೇ ಕ್ಯಾಟಲಾಗ್. ಅದಿಲ್ಲದ ಟೇಪುಗಳ ರಾಶಿ ರಟ್ಟು ಕಿತ್ತುಹೋದ ಪುಸ್ತಕಗಳ ಗ್ರಂಥಾಲಯದಂತೆ. ಆದರೂ ಧೈರ್ಯಗೆಡಬೇಡಿ, ಹೆಚ್ಚಿನ ತಂತ್ರಾಂಶಗಳಿಗೆ ಟೇಪನ್ನೇ ಓದಿ ಪಟ್ಟಿಯನ್ನು ಮತ್ತೆ ಕಟ್ಟಿಕೊಳ್ಳುವ ದಾರಿಯಿದೆ. ನೆಟ್‌ಬ್ಯಾಕಪ್‌ನಲ್ಲಿ ಇದನ್ನು ಇಂಪೋರ್ಟ್ ಎಂದು ಕರೆದು ಎರಡು ಹಂತಗಳಲ್ಲಿ ಮಾಡುತ್ತಾರೆ, ಬ್ಯಾಕ್ಯುಲಾದಲ್ಲಿ ಬಿಸ್ಕ್ಯಾನ್ ಎಂಬ ಉಪಕರಣವಿದೆ. ನಿಮ್ಮಲ್ಲಿದ್ದ ತಂತ್ರಾಂಶ ಯಾವುದು, ಯಾವ ಆವೃತ್ತಿ ಎಂದು ನೀವು ಬರೆದಿಲ್ಲ. ಲೆಕ್ಕಪತ್ರ ವಿಭಾಗದ ಹಳೆಯ ಬಿಲ್ಲುಗಳಲ್ಲಿ ಹುಡುಕಿಸಿ. ಬಿಲ್ಲೂ ಸಿಗದಿದ್ದರೆ ಡ್ರೈವನ್ನು ಒಂದು ಲಿನಕ್ಸ್ ಗಣಕಕ್ಕೆ ಜೋಡಿಸಿ ಟೇಪಿನ ಮೊದಲ ತುಣುಕನ್ನಷ್ಟೇ ಡಿಸ್ಕಿಗೆ ಇಳಿಸಿ ನೋಡಿ, ಬರೆದ ತಂತ್ರಾಂಶ ತನ್ನ ಗುರುತನ್ನು ಸಾಮಾನ್ಯವಾಗಿ ಅಲ್ಲೇ ಬಿಟ್ಟಿರುತ್ತದೆ. ಲಿನಕ್ಸಿನಲ್ಲಿ ಒಂದೇ ಡ್ರೈವ್ ಎರಡು ಹೆಸರಿನಲ್ಲಿ ಕಾಣಿಸುತ್ತದೆ: ಒಂದು ಹೆಸರಿನಲ್ಲಿ ಬಳಸಿದರೆ ಕೆಲಸ ಮುಗಿದ ಕೂಡಲೇ ಟೇಪು ತಾನಾಗಿ ಮೊದಲಿಗೆ ಸುತ್ತಿಕೊಳ್ಳುತ್ತದೆ, ‘ಎನ್’ ಅಕ್ಷರದಿಂದ ಆರಂಭವಾಗುವ ಇನ್ನೊಂದು ಹೆಸರಿನಲ್ಲಿ ಬಳಸಿದರೆ ನಿಂತಲ್ಲೇ ನಿಲ್ಲುತ್ತದೆ. ಒಂದರ ಹಿಂದೊಂದು ಭಾಗವನ್ನು ಓದಬೇಕಾದವರು ಮೊದಲ ಹೆಸರನ್ನು ಬಳಸಿ, ಎಷ್ಟು ಸಲ ಓದಿದರೂ ಅದೇ ಮೊದಲ ಭಾಗ ಬರುತ್ತಿದೆಯಲ್ಲ ಎಂದು ಅರ್ಧ ದಿನ ತಲೆ ಕೆರೆದುಕೊಂಡದ್ದನ್ನು ನೋಡಿದ್ದೇನೆ. ಹಾಗೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

43 ಟೇಪುಗಳನ್ನೂ ಓದಬೇಕಾಗಿಲ್ಲ. ಕೊನೆಯ ಪೂರ್ಣ ಬ್ಯಾಕಪ್ ಯಾವುದು ಎಂದು ಪತ್ತೆಮಾಡಿ, ಅದನ್ನು ಮೊದಲು ಇಳಿಸಿಕೊಳ್ಳಿ. ಅದರ ನಂತರ ಪ್ರತಿದಿನ ಬದಲಾದದ್ದನ್ನು ಮಾತ್ರ ಬರೆದ ಟೇಪುಗಳಿದ್ದರೆ ಅವನ್ನು ತಾರೀಖಿನ ಕ್ರಮದಲ್ಲಿ ಒಂದನ್ನೂ ಬಿಡದೆ ಸೇರಿಸಬೇಕು; ಪೂರ್ಣ ಬ್ಯಾಕಪ್ಪಿನಿಂದ ಈಚೆಗೆ ಬದಲಾದದ್ದೆಲ್ಲವನ್ನೂ ಪ್ರತಿ ಸಲ ಬರೆಯುವ ಪದ್ಧತಿಯಿದ್ದರೆ ಕೊನೆಯದೊಂದೇ ಸಾಕು. ಸಮಯದ ಅಂದಾಜು ಹೀಗೆ: ಎಲ್‌ಟಿಒ-4 ಟೇಪಿನಲ್ಲಿ ಕುಗ್ಗಿಸದ ಲೆಕ್ಕದಲ್ಲಿ 800 ಗಿಗಾಬೈಟ್ ಹಿಡಿಯುತ್ತದೆ, ಓದುವ ವೇಗ ಸೆಕೆಂಡಿಗೆ 120 ಮೆಗಾಬೈಟ್, ಆದ್ದರಿಂದ ತುಂಬಿದ ಒಂದು ಟೇಪಿಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಇದು ಎಲ್ಲವೂ ಸರಾಗವಾಗಿದ್ದಾಗಿನ ಮಾತು. ಅಗಲ ಅರ್ಧ ಅಂಗುಲ, ಉದ್ದ 820 ಮೀಟರ್ ಇರುವ ಆ ಟೇಪಿನ ಮೇಲೆ 896 ಜಾಡುಗಳಿವೆ, ಒಂದು ಸಲಕ್ಕೆ 16ರಂತೆ ಓದುತ್ತ ಟೇಪು ತುದಿಯಿಂದ ತುದಿಗೆ 56 ಸಲ ಓಡುತ್ತದೆ. ಕೂಡಿಸಿದರೆ ಸುಮಾರು 46 ಕಿಲೋಮೀಟರ್, ಬೆಂಗಳೂರಿನಿಂದ ಹೊರಟರೆ ರಾಮನಗರದ ಹತ್ತಿರ ಮುಟ್ಟುವಷ್ಟು. ಬರೆದುಕೊಳ್ಳುವ ಡಿಸ್ಕ್ ನಿಧಾನವಾಗಿದ್ದರೆ ಡ್ರೈವ್ ನಿಂತು, ಸ್ವಲ್ಪ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಓಡುತ್ತದೆ. ಒಂದೇ ಸಮನೆ ಬರುತ್ತಿದ್ದ ಗುಂಯ್ ಎನ್ನುವ ಸದ್ದು ತುಂಡುತುಂಡಾಗಿ ಕೇಳಿಸತೊಡಗಿದರೆ ಅದೇ ನಡೆಯುತ್ತಿದೆ ಎಂದು ತಿಳಿಯಿರಿ. ಸಮಯ ಎರಡು ಮೂರು ಪಟ್ಟಾಗುವುದಲ್ಲದೆ ಟೇಪೂ ಸವೆಯುತ್ತದೆ. ಯುಎಸ್‌ಬಿ ಡಿಸ್ಕಿಗೆ ಇಳಿಸದೆ ವೇಗದ ಡಿಸ್ಕಿಗೆ ಇಳಿಸಿ.

ಇಳಿಸಿದ ಮೇಲೆ ಕಡತಗಳ ಸಂಖ್ಯೆ ನೋಡಿ ಸಮಾಧಾನಪಡಬೇಡಿ. ನಿಮ್ಮ ಲೆಕ್ಕಪರಿಶೋಧಕರ ಬಳಿ ಕಳೆದ ಮಾರ್ಚ್ 31ರ ತಾಳೆಪಟ್ಟಿಯ ಮುದ್ರಿತ ಪ್ರತಿ ಇರುತ್ತದೆ, ಟೇಪಿನಿಂದ ಬಂದ ಲೆಕ್ಕದಿಂದ ಅದೇ ದಿನದ ತಾಳೆಪಟ್ಟಿ ತೆಗೆದು ಪಕ್ಕದಲ್ಲಿಟ್ಟು ಪೈಸೆಗೆ ಪೈಸೆ ಹೋಲಿಸಿ. ಹಳೆಯ ನಕ್ಷೆಗಳಲ್ಲಿ ನಾಲ್ಕನ್ನು ಯಾದೃಚ್ಛಿಕವಾಗಿ ತೆರೆದು, ಅವುಗಳ ಪ್ರಕಾರ ತಯಾರಾದ ಬಿಡಿಭಾಗವನ್ನು ಅಳೆದು ನೋಡುವಂತೆ ಕಾರ್ಖಾನೆಯ ಫೋರ್‌ಮನ್‌ಗೆ ಹೇಳಿ.

ಪ್ರಶ್ನೆ: ಬೆಳ್ಳಂದೂರಿನ ನಮ್ಮ ಕಚೇರಿಯ ನೆಲಮಾಳಿಗೆಗೆ ಮಳೆನೀರು ನುಗ್ಗಿ ಹನ್ನೊಂದು ಟೇಪುಗಳು ನೀರಿನಲ್ಲಿ ಮುಳುಗಿದ್ದವು. ಒರೆಸಿ ಬಿಸಿಲಿನಲ್ಲಿ ಒಣಗಿಸಲು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಮಾಡಬಹುದೇ?

ಉತ್ತರ: ಮಾಡಬೇಡಿ. ಹೇರ್ ಡ್ರೈಯರ್ ಕೂಡ ಬೇಡ. ನೀರು ತಾಗಿದ ಮಾತ್ರಕ್ಕೆ ಟೇಪಿನ ಕಾಂತೀಯ ಬರಹ ಅಳಿಸುವುದಿಲ್ಲ, ಆದ್ದರಿಂದ ಆಸೆ ಇದೆ. ಆದರೆ ಕಾರ್ಟ್ರಿಜ್‌ನ ಒಳಗೆ ಸೇರಿದ ಕೆಸರು ಸುರುಳಿಯ ಪದರಗಳ ನಡುವೆ ಒಣಗಿ ಗಟ್ಟಿಯಾದರೆ ಆ ಆಸೆಯೂ ಕಡಿಮೆಯಾಗುತ್ತದೆ. ಹೊರಗೆ ಒಣಗಿದಂತೆ ಕಂಡ ಟೇಪನ್ನು ನೋಡೋಣವೆಂದು ಡ್ರೈವಿಗೆ ಹಾಕಿದರೆ ಟೇಪೂ ಹೋಗುತ್ತದೆ, ಡ್ರೈವಿನಲ್ಲಿ ಓದುವ, ಬರೆಯುವ ಹೆಡ್ಡೂ ಹೋಗುತ್ತದೆ. ಕಾರ್ಟ್ರಿಜ್ ಬಿಚ್ಚಿ, ಟೇಪನ್ನು ಶುದ್ಧೀಕರಿಸಿ ಹೊಸ ಕವಚಕ್ಕೆ ಸುತ್ತುವ ಪ್ರಯೋಗಾಲಯದವರಿಗೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಒಪ್ಪಿಸಿ, ಮತ್ತು ಎಲ್ಲ ಹನ್ನೊಂದಕ್ಕೂ ದುಡ್ಡು ಸುರಿಯುವ ಮೊದಲು ಬೇಕಾದ ಎರಡು ಮೂರು ಯಾವುವೆಂದು ಲೇಬಲ್ ನೋಡಿ ತೀರ್ಮಾನಿಸಿ.

2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಉದ್ದಕ್ಕೂ ನೆಲಮಾಳಿಗೆಗಳ ಗತಿ ಏನಾಯಿತೆಂದು ಕಂಡ ಊರಿನಲ್ಲಿ ಟೇಪನ್ನು ನೆಲಮಾಳಿಗೆಯಲ್ಲಿ ಏಕೆ ಇಟ್ಟಿರೆಂದು ಕೇಳಲಾರೆ. ಅಲ್ಲಿ ಬಾಡಿಗೆಯಿಲ್ಲದ ಜಾಗ ಇತ್ತು, ಅಷ್ಟೆ. ಮುಂದಕ್ಕೆ ಮೇಲಿನ ಮಹಡಿ ನೋಡಿ. ದೀರ್ಘಕಾಲ ಇಡುವ ಟೇಪಿಗೆ 16ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡಾ 20ರಿಂದ 50ರಷ್ಟು ತೇವಾಂಶ ಹಿತ. ಬೆಂಗಳೂರಿನ ತಂಪು ಉಷ್ಣತೆಯ ಮಟ್ಟಿಗೆ ಅನುಕೂಲ, ಆದರೆ ಮಳೆಗಾಲದ ತೇವ ಆ ಮಿತಿಯನ್ನು ಎಷ್ಟೋ ದಾಟುತ್ತದೆ.

ಪ್ರಶ್ನೆ: ನಮ್ಮ ಬ್ಯಾಕಪ್ ತಂತ್ರಾಂಶ ಪ್ರತಿ ರಾತ್ರಿ ‘ಯಶಸ್ವಿ’ ಎಂಬ ವರದಿಯನ್ನು ಮಿಂಚಂಚೆಯಲ್ಲಿ ಕಳಿಸುತ್ತದೆ. ಹಾಗಿರುವಾಗ ಕಡತಗಳನ್ನು ಟೇಪಿನಿಂದ ಮರಳಿ ಇಳಿಸಿ ನೋಡುವ ರಿಸ್ಟೋರ್ ಪರೀಕ್ಷೆಗೆಂದು ಸಮಯ ಕಳೆಯುವುದು ಅಗತ್ಯವೇ? (ಜೆ.ಪಿ. ನಗರ)

ಉತ್ತರ: ಬರೆದೆ ಎಂದು ತಂತ್ರಾಂಶ ಹೇಳುತ್ತಿದೆ, ಓದಬಲ್ಲೆ ಎಂದು ಅದು ಎಲ್ಲೂ ಹೇಳಿಲ್ಲ. ಏನನ್ನು ಬರೆಯಲು ನೀವು ಹೇಳಿದ್ದಿರೋ ಅದನ್ನು ಬರೆದಿದೆ ಎಂಬುದೂ ಅದರ ಅರ್ಥ. ಹೊಸ ಡಿಸ್ಕ್ ಸೇರಿಸಿದ ದಿನ ಅದನ್ನು ಬ್ಯಾಕಪ್ ಪಟ್ಟಿಗೆ ಸೇರಿಸಲು ಮರೆತರೂ ವರದಿ ‘ಯಶಸ್ವಿ’ ಎಂದೇ ಬರುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ಬಹಳ ಹಿಂದೆ ನಾನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡಿಎಟಿ ಟೇಪುಗಳಿಗೆ ಬ್ಯಾಕಪ್ ತೆಗೆಯುತ್ತಿದ್ದೆವು. ಪ್ರತಿ ಬೆಳಗ್ಗೆ ಟೇಪು ಹೊರತೆಗೆದು, ದಪ್ಪ ರಟ್ಟಿನ ನೋಟ್‌ಬುಕ್ಕಿನಲ್ಲಿ ತಾರೀಖು, ಟೇಪಿನ ಸಂಖ್ಯೆ ಬರೆದು, ‘ಸರಿ’ ಎಂದು ಸಹಿ ಹಾಕಿ ಬೀರುವಿನಲ್ಲಿ ಇಡುವುದು ನನ್ನ ಕೆಲಸ. ತಿಂಗಳಿಗೊಮ್ಮೆ ಅವು ಬೇರೆ ಕಚೇರಿಗೆ ಹೋಗುತ್ತಿದ್ದವು. ಒಂದು ದಿನ ಡ್ರೈವ್ ಕೆಟ್ಟು, ಹೊಸ ಡ್ರೈವ್ ಬಂದು, ಯಾರೋ ಅಳಿಸಿದ ಒಂದು ಕಡತವನ್ನು ತೆಗೆದುಕೊಡಲು ಹೋದರೆ ಹೊಸ ಡ್ರೈವ್ ಹಳೆಯ ಒಂದೇ ಒಂದು ಟೇಪನ್ನೂ ಓದಲಿಲ್ಲ. ಹಳೆಯ ಡ್ರೈವಿನ ಹೆಡ್ಡು ಎಂದೋ ಓರೆಯಾಗಿ, ಓರೆಯಾಗಿಯೇ ಬರೆದು, ತಾನು ಬರೆದದ್ದನ್ನು ಓರೆಯಾಗಿಯೇ ಓದಿ ‘ಸರಿ’ ಎನ್ನುತ್ತಿತ್ತು. ಅದರ ಕೆಳಗೆ ಒಂದೂವರೆ ವರ್ಷದ ನನ್ನ ಸಹಿಗಳಿದ್ದವು. ಎಲ್‌ಟಿಒ ಟೇಪುಗಳಲ್ಲಿ ಹೆಡ್ಡಿಗೆ ದಾರಿ ತೋರುವ ಸರ್ವೋ ಗುರುತುಗಳನ್ನು ಕಾರ್ಖಾನೆಯಲ್ಲೇ ಬರೆದಿರುವುದರಿಂದ ಈ ಬಗೆಯ ಓರೆ ಈಗ ಅಪರೂಪ. ಆದರೂ ಪರೀಕ್ಷೆ ಮಾಡುವಾಗ ಬರೆದ ಡ್ರೈವಿನಲ್ಲಿ ಓದಿಸದೆ ಇನ್ನೊಂದು ಡ್ರೈವಿನಲ್ಲಿ, ಇನ್ನೊಂದು ಗಣಕದಲ್ಲಿ ಓದಿಸುವುದೇ ಒಳ್ಳೆಯದು.

ಮೂರು ತಿಂಗಳಿಗೊಮ್ಮೆ ಸಂಗ್ರಹಾಗಾರದಿಂದ ಒಂದು ಟೇಪನ್ನು ತರಿಸಿ, ಬ್ಯಾಕಪ್ ಮಾಡುವ ವ್ಯಕ್ತಿಯನ್ನು ಕೋಣೆಯಿಂದ ಹೊರಗೆ ಕೂರಿಸಿ, ಬೇರೊಬ್ಬರ ಕೈಯಲ್ಲಿ ಬರೆದಿಟ್ಟ ಸೂಚನೆಗಳನ್ನು ಮಾತ್ರ ನೋಡಿ ಒಂದು ಕಡತಕೋಶವನ್ನು ಇಳಿಸಲು ಹೇಳಿ. ಅವರು ಯಾವ ಸಾಲಿನಲ್ಲಿ ನಿಂತು ಹೊರಗಿದ್ದವರನ್ನು ಕೂಗಿದರೋ ಆ ಸಾಲನ್ನು ತಿದ್ದಿ. ಬೆಳಗ್ಗೆ ಪೆಟ್ಟಿಗೆ ಕೇಳಿದ ಗಳಿಗೆಯಿಂದ ಕಡತ ತೆರೆದ ಗಳಿಗೆಯವರೆಗೆ ಎಷ್ಟು ಹೊತ್ತಾಯಿತೆಂದು ಬರೆದಿಡಿ. ‘ಎಷ್ಟು ಹೊತ್ತಿನಲ್ಲಿ ಸರಿಹೋಗುತ್ತದೆ’ ಎಂದು ಯಜಮಾನರು ಕೇಳಿದಾಗ ಹೇಳಲು ನಿಮ್ಮ ಬಳಿ ಇರುವ ಪ್ರಾಮಾಣಿಕ ಉತ್ತರ ಅದೊಂದೇ.

ಪ್ರಶ್ನೆ: ಮಲ್ಲೇಶ್ವರದಲ್ಲಿರುವ ನಮ್ಮದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಹಳೆಯ ಟೇಪುಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು?

ಉತ್ತರ: 2013ರ ಕಂಪನಿಗಳ ಕಾಯ್ದೆಯ 128ನೇ ಕಲಮು ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳವರೆಗೆ ಕಾಪಾಡಬೇಕೆನ್ನುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು, ಮೇಲ್ಮನವಿ ಬಾಕಿಯಿದ್ದರೆ ಇನ್ನೂ ಹೆಚ್ಚು. ವಿದ್ಯುನ್ಮಾನ ರೂಪದ ಲೆಕ್ಕಗಳ ಬ್ಯಾಕಪ್ಪನ್ನು ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ, ಆದ್ದರಿಂದ ಬೀರುವಿನ ಟೇಪೊಂದನ್ನೇ ತೋರಿಸಿದರೆ ಸಾಲದು. ನಿಮ್ಮ ಲೆಕ್ಕಪರಿಶೋಧಕರನ್ನು ಒಂದು ಮಾತು ಕೇಳಿಯೇ ವಿಲೇವಾರಿ ಮಾಡಿ. ಎಂಟು ವರ್ಷ ಟೇಪನ್ನು ಇಡುವವರು ಅದನ್ನು ಓದುವ ಡ್ರೈವನ್ನೂ ಎಂಟು ವರ್ಷ ಇಡಬೇಕು, ಇಲ್ಲವೇ ನಡುವೆ ಹೊಸ ಪೀಳಿಗೆಯ ಟೇಪಿಗೆ ನಕಲಿಸಬೇಕು. ಅಳಿಸುವ ಕಾಂತಯಂತ್ರಕ್ಕೆ ಒಡ್ಡಿದ ಎಲ್‌ಟಿಒ ಟೇಪು ಸರ್ವೋ ಗುರುತುಗಳನ್ನೂ ಕಳೆದುಕೊಳ್ಳುವುದರಿಂದ ಮರುಬಳಕೆಗೆ ಬರುವುದಿಲ್ಲ. ‘ಅಳಿಸಿ ಮತ್ತೆ ಬಳಸೋಣ’ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು.

ಪ್ರಶ್ನೆ: ಟೇಪುಗಳು, ಡ್ರೈವ್, ಕ್ಯಾಟಲಾಗ್ ಎಲ್ಲವೂ ಇವೆ. ಗೂಢಲಿಪೀಕರಣದ ಕೀಲಿ ಮಾತ್ರ ಸಿಗುತ್ತಿಲ್ಲ. ಮುರಿಯಲು ದಾರಿಯಿದೆಯೇ? (ವೈಟ್‌ಫೀಲ್ಡ್)

ಉತ್ತರ: ಇಲ್ಲ. ಎಲ್‌ಟಿಒ-4ರಿಂದ ಈಚೆಗೆ ಡ್ರೈವಿನಲ್ಲೇ ನಡೆಯುವ ಗೂಢಲಿಪೀಕರಣ 256 ಬಿಟ್‌ಗಳ ಎಇಎಸ್ ವಿಧಾನದ್ದು. ಮುರಿದುಕೊಡುತ್ತೇವೆಂದು ಮುಂಗಡ ಕೇಳುವವರಿಗೆ ಹಣ ಕೊಡಬೇಡಿ. ಮುರಿಯುವ ಬದಲು ಹುಡುಕಿ: ಕೀಲಿ ನಿರ್ವಹಿಸುತ್ತಿದ್ದ ಸರ್ವರ್‌ನ ಹಳೆಯ ಪ್ರತಿಗಳಲ್ಲಿ, ಅದನ್ನು ಸ್ಥಾಪಿಸಿದ ದಿನಗಳ ಮಿಂಚಂಚೆಗಳಲ್ಲಿ, ಹಣಕಾಸು ವಿಭಾಗದ ತಿಜೋರಿಯಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿ, ಆಗ ಕೆಲಸದಲ್ಲಿದ್ದವರ ನೆನಪಿನಲ್ಲಿ. ಕೆಲಸ ಬಿಟ್ಟವರಿಗೆ ಸೌಜನ್ಯದಿಂದ ಫೋನ್ ಮಾಡಿದರೆ ಹೆಚ್ಚಿನವರು ಸಹಾಯ ಮಾಡುತ್ತಾರೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎಲ್ಲವೂ ಕ್ಲೌಡ್‌ನಲ್ಲಿರುವ ಈ ಕಾಲದಲ್ಲಿ ಟೇಪು ಏಕೆ ಬೇಕು? (ಬಸವನಗುಡಿ)

ಉತ್ತರ: 2011ರ ಫೆಬ್ರವರಿಯಲ್ಲಿ ಜಿಮೇಲ್ ಬಳಸುವವರಲ್ಲಿ ಶೇಕಡಾ 0.02ರಷ್ಟು ಮಂದಿಯ ಅಂಚೆಪೆಟ್ಟಿಗೆ ಇದ್ದಕ್ಕಿದ್ದಂತೆ ಖಾಲಿಯಾಯಿತು. ಸಂಗ್ರಹ ತಂತ್ರಾಂಶದ ಒಂದು ಪರಿಷ್ಕರಣೆಯಲ್ಲಿದ್ದ ದೋಷ, ಬೇರೆ ಬೇರೆ ದತ್ತಾಂಶ ಕೇಂದ್ರಗಳಲ್ಲಿದ್ದ ಪ್ರತಿಗಳಿಗೂ ತಟ್ಟಿತ್ತು. ಗೂಗಲ್ ಆ ಪತ್ರಗಳನ್ನು ಮರಳಿಸಿದ್ದು ಟೇಪಿನಿಂದ. ಒಂದಕ್ಕೊಂದು ತಂತಿಯಿಂದ ಜೋಡಿಸಿದ ಪ್ರತಿಗಳು ಎಷ್ಟೇ ಇದ್ದರೂ ಒಂದರ ತಪ್ಪು ಇನ್ನೊಂದಕ್ಕೆ ಹರಿಯಬಲ್ಲದು. ಕಪಾಟಿನಲ್ಲಿ ಕೂತ ಟೇಪಿಗೆ ಯಾರ ತಪ್ಪೂ ಹರಿಯದು, ಒತ್ತೆಹಣ ಕೇಳುವ ಕುತಂತ್ರಾಂಶದ ಕೈಯೂ ತಲುಪದು. ಆದರೆ ಕಪಾಟಿನಲ್ಲಿರುವುದರಿಂದಲೇ ಅದನ್ನು ತರಲು ಹೊತ್ತು ಹಿಡಿಯುತ್ತದೆ. ನಿಮ್ಮ ಪ್ರಾಜೆಕ್ಟಿನ ಕಡತಗಳಿಗೆ ಟೇಪು ಬೇಡ, ಬೇರೆ ಬೇರೆ ಕಡೆ ಇಟ್ಟ ಎರಡು ಡಿಸ್ಕುಗಳು ಸಾಕು.

ಪ್ರಶ್ನೆ: ಚಾಮರಾಜಪೇಟೆಯ ನಮ್ಮ ಪ್ರಕಾಶನದ ಹಳೆಯ ಪುಸ್ತಕಗಳ ಕಡತಗಳನ್ನು ಟೇಪಿನಿಂದ ಇಳಿಸಿಕೊಟ್ಟಿದ್ದಾರೆ. ತೆರೆದರೆ ಒಂದಕ್ಷರ ಕನ್ನಡವಿಲ್ಲ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಟೇಪು ಕೆಟ್ಟು ಹೀಗಾಗಿದೆಯೇ?

ಉತ್ತರ: ಟೇಪು ಕೆಟ್ಟಿದ್ದರೆ ಕಡತ ತೆರೆಯುತ್ತಲೇ ಇರಲಿಲ್ಲ, ಅಥವಾ ಡ್ರೈವ್ ನಡುವೆಯೇ ದೋಷ ತೋರಿಸಿ ನಿಲ್ಲುತ್ತಿತ್ತು. ಟೇಪು ತನ್ನ ಕೆಲಸವನ್ನು ಅಕ್ಷರಶಃ ಮಾಡಿದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದೆವು; ಕಡತದಲ್ಲಿರುವುದು ಆ ಸ್ಥಾನಸಂಖ್ಯೆಗಳು ಮಾತ್ರ, ಅವನ್ನು ಕನ್ನಡವಾಗಿ ಕಾಣಿಸುತ್ತಿದ್ದುದು ಫಾಂಟು. ಟೇಪಿಗೆ ಕಡತ ಹೋಯಿತು, ಫಾಂಟು ಹಳೆಯ ಗಣಕದಲ್ಲೇ ಉಳಿದು ಗುಜರಿಗೆ ಹೋಯಿತು. ಅದೇ ಟೇಪಿನಲ್ಲಿ ಗಣಕದ ಇಡೀ ಡಿಸ್ಕಿನ ಬ್ಯಾಕಪ್ ಇದ್ದರೆ ಅದರಲ್ಲಿ ವಿಂಡೋಸ್‌ನ ಫಾಂಟುಗಳ ಕಡತಕೋಶವಿರುತ್ತದೆ, ಮೊದಲು ಅದನ್ನು ಇಳಿಸಿಕೊಡಲು ಕೇಳಿ. ಇಲ್ಲದಿದ್ದರೆ ಪುಟ ಜೋಡಿಸಿದವರನ್ನು ವಿಚಾರಿಸಿ ಯಾವ ಫಾಂಟೆಂದು ತಿಳಿದುಕೊಳ್ಳಿ, ಏಕೆಂದರೆ ಒಂದು ಕುಟುಂಬದ ಫಾಂಟಿನ ಕಡತ ಇನ್ನೊಂದರಲ್ಲಿ ತೆರೆದರೆ ಕನ್ನಡ ಕಾಣಿಸಿಯೂ ಅರ್ಥವಿಲ್ಲದಂತಿರುತ್ತದೆ.

ಕಡತಗಳು ಪೇಜ್‌ಮೇಕರ್‌ನಲ್ಲಿದ್ದರೆ ಇನ್ನೊಂದು ತೊಡಕಿದೆ. 2001ರ 7.0 ಆವೃತ್ತಿಯೇ ಅದರ ಕೊನೆಯದು. ಹಳೆಯ ವಿಂಡೋಸ್ ಇರುವ ಒಂದು ಗಣಕವನ್ನು ಇದಕ್ಕಾಗಿಯೇ ಮೀಸಲಿಟ್ಟು, ಅಂತರ್ಜಾಲದಿಂದ ದೂರವಿಟ್ಟು, ಅದರಲ್ಲಿ ತೆರೆದು ಪಠ್ಯವನ್ನು ಹೊರತೆಗೆಯಬೇಕಾದೀತು. ಹೊರತೆಗೆದ ಪಠ್ಯವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಮೂಲ ಕಡತವನ್ನು ಅಳಿಸದೆ ನಕಲಿನ ಮೇಲೆ ಪರಿವರ್ತನೆ ಮಾಡಿ, ಮೊದಲು ಒಂದು ಅಧ್ಯಾಯವನ್ನಷ್ಟೇ ಮಾಡಿ, ಮುದ್ರಿತ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬ ನುರಿತ ಕರಡು ತಿದ್ದುವವರಿಂದ ಓದಿಸಿ. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಅರ್ಕಾವೊತ್ತಿನಲ್ಲಿ, ಎರಡೆರಡು ಒತ್ತಕ್ಷರಗಳು ಸೇರುವಲ್ಲಿ ಮತ್ತು ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳಲ್ಲಿ. ‘ಧರ್ಮ’, ‘ಸೂರ್ಯ’, ‘ರಾಷ್ಟ್ರ’, ‘ಸ್ತ್ರೀ’ ಎಂಬ ನಾಲ್ಕು ಪದಗಳು ಅಧ್ಯಾಯದುದ್ದಕ್ಕೂ ಸರಿಯಾಗಿ ಬಂದಿದ್ದರೆ ಉಳಿದ ಅಧ್ಯಾಯಗಳನ್ನು ಪರಿವರ್ತಕಕ್ಕೆ ಒಪ್ಪಿಸಬಹುದು.